ಮೈಕಿನಲ್ಲಿ ಹೇಳಿದ ಊರು

ಮಹದೇವಮ್ಮ, ಅವತ್ತು ಮೈಕಿನ ಮುಂದೆ ನನ್ನ ಬಾಯಿ ತಪ್ಪಲಿಲ್ಲ. ನಿಮ್ಮ ಊರಿನ ಹೆಸರನ್ನು ಬೇಕೆಂದೇ ಹೇಳಿದೆ. ಅದು ಬಾಯಿತಪ್ಪು ಎಂದು ನೀವು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೀರಿ — ನಂಬಿದ್ದೀರಿ ಎಂದು ನನ್ನ ಎಣಿಕೆ.

ನನ್ನದು ಮೊದಲಿನಿಂದಲೂ ಅನುಮಾನದ ಬುದ್ಧಿ. ಹಾಲಿನವನು ನಕ್ಕು ಮಾತಾಡಿಸಿದರೆ ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಎಂದುಕೊಳ್ಳುವವನು ನಾನು. ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಕೆಲಸ. ವರ್ಷಕ್ಕೊಮ್ಮೆ ನೌಕರರೆಲ್ಲ ಸೇರಿ ಆಡುವ ಸಾಮಾಜಿಕ ನಾಟಕಕ್ಕೆ ನಿರ್ದೇಶಕನೂ ನಾನೇ, ನಾಯಕನೂ ನಾನೇ. ನಮ್ಮ ನಮ್ಮ ಮನೆಯ ಹೆಂಗಸರನ್ನು ಸ್ಟೇಜು ಹತ್ತಿಸುವಷ್ಟು ಧೈರ್ಯ ನಮಗ್ಯಾರಿಗೂ ಇರಲಿಲ್ಲ. ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಿದ್ದೆವು. ತೊಂಬತ್ತರ ದಶಕದ ನಡುವೆ ಒಂದು ವರ್ಷ ಹಾಗೆ ಬಂದವರು ನೀವು, ‘ಗದಗಿನ ಕುಮುದಾ’ ಎಂಬ ಹೆಸರಿನಲ್ಲಿ, ಆಗಷ್ಟೇ ಶಾಲೆಗೆ ಸೇರಿದ್ದ ಮಗಳು ಗೌರಿಯ ಕೈ ಹಿಡಿದುಕೊಂಡು.

“ಹಿಂಗ್ಯಾಕ ನಿಂತೀರಿ? ಬರ್ರಿ, ತಾಲೀಮು ಶುರು ಮಾಡೂಣು” ಎಂದಿರಿ ನೀವು. ನಮ್ಮವರೆಲ್ಲ ಮರುಳಾದರು. ನನಗೆ ಮಾತ್ರ ಏನೋ ಸರಿ ಕಾಣಲಿಲ್ಲ. ಕಾರ್ಖಾನೆಯಲ್ಲಿ ನನ್ನ ಪಕ್ಕದ ಮಿಷನ್ನಿನವನು ಬಾಗಲಕೋಟೆಯ ಕಡೆಯವನು. ಅವನ ಮಾತು ಕೇಳಿ ಕೇಳಿ ನನ್ನ ಕಿವಿ ಪಳಗಿತ್ತು. ದಣಿದಾಗ ಅವನ ಮಾತು ಎಳೆಯುತ್ತಿತ್ತು, ಸಿಟ್ಟು ಬಂದಾಗ ಅರ್ಧ ನುಂಗಿಹೋಗುತ್ತಿತ್ತು. ನಿಮ್ಮದು ಹಾಗಲ್ಲ. ಯಾವಾಗಲೂ ಒಂದೇ ಹದ, ಒಂದೇ ಗತ್ತು. ಒಂದು ವಾಕ್ಯ ಧಾರವಾಡದ ಕಡೆಗೆ ಹೊರಟರೆ ಇನ್ನೊಂದು ಗುಲ್ಬರ್ಗದ ಕಡೆಗೆ ಹೋಗುತ್ತಿತ್ತು. ಈ ಹೆಂಗಸು ಯಾರು? ಏನು ಮಾಡಿ ಎಲ್ಲಿಂದ ಓಡಿಬಂದಿದ್ದಾಳೆ? ನನ್ನನ್ನೇ ಏಮಾರಿಸುತ್ತಾಳಾ? — ನನ್ನ ತಲೆಯಲ್ಲಿ ಇದೇ.

ಒಂದು ಭಾನುವಾರ ಮಧ್ಯಾಹ್ನ ರಂಗದ ಮೇಲಿನ ಬಣ್ಣದ ಗೋಡೆಯನ್ನು ನಿಲ್ಲಿಸುತ್ತಿದ್ದೆವು. ಹಗ್ಗ ಸಡಿಲವಾಗಿದ್ದು ನನಗೆ ಕಾಣಲಿಲ್ಲ. ನಿಮಗೆ ಕಂಡಿತು. “ಇತ್ತಗ್ ಬಾ ಅಣ್ಣಾ, ಬೀಳ್ತದ, ಬೀಳ್ತದ” ಎಂದು ಕೂಗಿ ನನ್ನ ಅಂಗಿ ಹಿಡಿದು ಎಳೆದಿರಿ. ನಾನು ನಿಂತಿದ್ದ ಜಾಗಕ್ಕೆ ಆ ಗೋಡೆಯ ಬಿದಿರಿನ ಚೌಕಟ್ಟು ಬಂದು ಅಪ್ಪಳಿಸಿತು. ಉಳಿದವರೆಲ್ಲ ಅದರತ್ತ ಓಡಿದರು. ಆ ಕೂಗು ಗದಗಿನದಲ್ಲ, ನಮ್ಮ ಕಡೆಯದು; ತಲೆ ಉಳಿಸಿದವರಿಗೆ ಕೈ ಮುಗಿಯುವುದು ಬಿಟ್ಟು ನಾನು ಮೆಲ್ಲಗೆ ಕೇಳಿದ್ದೇನು ಗೊತ್ತಲ್ಲ — “ನಿಜ ಹೇಳಿ, ನಿಮ್ಮದು ಯಾವೂರು?”

ನೀವು ಮಗಳನ್ನು ನೀರು ತರಲು ಕಳಿಸಿ, ಹೇಳಿದಿರಿ. ಹೆಸರು ಮಹದೇವಮ್ಮ, ಹುಟ್ಟಿದ್ದು ಮೂಗೂರು, ಕೊಟ್ಟಿದ್ದು ಹೆಮ್ಮಿಗೆಗೆ. ಗಂಡನ ಹೊಡೆತ ತಾಳಲಾರದೆ ಮಗುವನ್ನು ಎತ್ತಿಕೊಂಡು ಹೊರಟುಬಂದಿದ್ದಿರಿ. ಗಂಡನ ಮನೆಯವರು ಮಗುವಿಗಾಗಿ ಹುಡುಕುತ್ತಿದ್ದರು. ಮೈಸೂರಿನಲ್ಲಿ ಕಂಪನಿ ನಾಟಕದ ಒಬ್ಬ ಮುದುಕಿಯ ಹತ್ತಿರ ಗದಗಿನ ಕಡೆಯ ಮಾತು ಕಲಿತು ಮಗಳಿಗೂ ಕಲಿಸಿದ್ದಿರಿ.

“ನಮ್ ಕಡೆಯೋರು ಯಾರಾರ ಮಾತಾಡ್ಸುದ್ರೂ ಗುರ್ತು ಸಿಕ್ಬಾರ್ದಲ್ವಾ ಸಾ. ಈಗ ಕೂಸು ನಿದ್ದಗಣ್ಣಲ್ಲೂ ಅದ್ನೇ ಮಾತಾಡ್ತದ. ಯಾರ್ಗೂ ಏಳ್ಬ್ಯಾಡಿ, ನಿಮ್ ಕಾಲ್ಗ್ ಬೀಳ್ತೀನಿ.”

ಇಲ್ಲಮ್ಮ, ನನ್ನ ಹೊಟ್ಟೆಯಲ್ಲೇ ಇರುತ್ತದೆ ಎಂದೆ. ಎನ್ನುವಾಗಲೇ ಒಳಗೊಂದು ಹುಳ — ಇದೂ ಒಂದು ಪಾತ್ರವಿರಬಹುದೆ? ಹೊಡೆತ ತಿಂದವಳು ಇಷ್ಟು ಸರಾಗವಾಗಿ ನಟಿಸುತ್ತಾಳೆಯೆ?

ನಾಟಕದ ದಿನ ಬಂತು. ಯಾರಾದರೂ ಬಹುಮಾನ ಕಳಿಸಿದರೆ ಅಲ್ಲೇ ಆಟ ನಿಲ್ಲಿಸಿ, ಕೊಟ್ಟವರ ಹೆಸರನ್ನೂ ಪಡೆದವರ ಹೆಸರನ್ನೂ ಮೈಕಿನಲ್ಲಿ ಕೂಗುವುದು ನಮ್ಮ ಕಡೆಯ ಪದ್ಧತಿ. ಕೂಗುವ ಅಧಿಕಾರ ನನ್ನದು. ನೀವು ಅತ್ತು ಮಾತಾಡುವ ದೃಶ್ಯಕ್ಕೆ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ‘ಉತ್ತರ ಕರ್ನಾಟಕದ ಹೆಮ್ಮೆಯ ಕಲಾವಿದೆಗೆ’ ಎಂದು ಬಹುಮಾನದ ಮೇಲೆ ಬಹುಮಾನ. ನಾಯಕನಾದ ನನಗೆ ಒಂದೂ ಇಲ್ಲ. ಹೊಟ್ಟೆ ಉರಿಯಿತು. ಇದಕ್ಕಿಂತ ದೊಡ್ಡ ಕಾರಣ ಇತ್ತೇ ಎಂದು ಎಷ್ಟೋ ಸಲ ತಡಕಾಡಿದ್ದೇನೆ — ಇರಲಿಲ್ಲ.

“ಮಹಾಜನಗಳೇ, ನೀವೆಲ್ಲ ಏಮಾರಿದ್ದೀರಿ. ಈಕೆ ಗದಗಿನವರಲ್ಲ. ನಮ್ಮ ಮೂಗೂರಿನ ಮಗಳು, ಮಹದೇವಮ್ಮ” ಎಂದೆ.

ಹೊಗಳಿಕೆಯ ದನಿಯಲ್ಲೇ ಹೇಳಿದೆ. ಜನ ಇನ್ನಷ್ಟು ಸಿಳ್ಳೆ ಹಾಕಿದರು. ನೀವು ನನ್ನ ಕಡೆಗೊಮ್ಮೆ ನೋಡಿ, ಉಳಿದ ಮಾತನ್ನು ಅದೇ ಗದಗಿನ ಧಾಟಿಯಲ್ಲಿ, ಒಂದಕ್ಷರವೂ ತಪ್ಪದಂತೆ ಆಡಿ ಮುಗಿಸಿದಿರಿ.

ಸುದ್ದಿ ಹೆಮ್ಮಿಗೆಗೆ ಮುಟ್ಟಲು ಹೆಚ್ಚು ದಿನ ಬೇಕಾಗಲಿಲ್ಲ. ನಿಮ್ಮ ಗಂಡನೂ ಅವನ ಅಣ್ಣಂದಿರೂ ಟೆಂಪೋದಲ್ಲಿ ಬಂದು ಶಾಲೆಯ ಗೇಟಿನಿಂದಲೇ ಗೌರಿಯನ್ನು ಎತ್ತಿಕೊಂಡು ಹೋದರು. ನೀವು ಹೆಮ್ಮಿಗೆಗೆ ಹೋದಿರಿ, ಸ್ಟೇಷನ್ನಿಗೆ ಹೋದಿರಿ. ಕೊನೆಗೆ ಊರಿನ ಯಜಮಾನರು, ನಾಟಕದವಳ ಹತ್ತಿರ ಹೆಣ್ಣುಮಗು ಬೇಡ ಎಂದು ತೀರ್ಮಾನ ಮಾಡಿದರು.

ನಾನು ನಿಮ್ಮ ಬಾಡಿಗೆ ಕೋಣೆಗೆ ಬಂದಾಗ ನೀವು ಅಚ್ಚ ಮೂಗೂರಿನ ಮಾತಾಡುತ್ತಿದ್ದಿರಿ. ನನ್ನ ಮುಖದಲ್ಲಿ ಆಶ್ಚರ್ಯ ಕಂಡಿರಬೇಕು.

“ಇನ್ ಯಾಕ್ ಸಾ ಆ ಮಾತು? ಬಚ್ಚುಡಕ ಏನದ?” ಎಂದಿರಿ. ಆಮೇಲೆ, ನನಗೇ ಸಮಾಧಾನ ಹೇಳುವಂತೆ — “ನೀವೇನ್ ಬೇಕಂತ ಅಂದ್ರಾ? ಬಾಯ್ ತಪ್ತು. ಬುಡಿ.”

“ಹೌದಮ್ಮ, ಬಾಯಿ ತಪ್ಪಿತು” ಎಂದೆ. ಮೊದಲನೆಯದಕ್ಕಿಂತ ಇದು ದೊಡ್ಡ ಪಾಪ. ನೀವು ನಿಜವಾಗಿ ನಂಬಿದಿರೋ, ತಿಳಿದೂ ನನಗೊಂದು ದಾರಿ ಬಿಟ್ಟುಕೊಟ್ಟಿರೋ — ಅದೂ ಒಂದು ಅನುಮಾನವಾಗಿ ನನ್ನಲ್ಲಿ ಉಳಿದಿದೆ.

ಈಗ ಗೌರಿ ಮದುವೆಯಾಗಿ ಟಿ. ನರಸೀಪುರದಲ್ಲಿದ್ದಾಳೆ. ಅಷ್ಟು ಹತ್ತಿರದಲ್ಲಿದ್ದೂ ಅವಳು ಒಮ್ಮೆಯೂ ನಂಜನಗೂಡಿಗೆ ಬಂದು ನಿಮ್ಮನ್ನು ನೋಡಲಿಲ್ಲ ಯಾಕೆ ಎಂಬುದು ನನಗೆ ಗೊತ್ತಾದದ್ದು ಹೋದ ತಿಂಗಳು, ಅವಳ ಗಂಡನ ಕಡೆಯವರೊಬ್ಬರಿಂದ. ‘ನಿಮ್ಮವ್ವನೇ ಹೇಳಿಕಳಿಸಿದ್ದು, ಸಾಕಕ್ಕಾಗಲ್ಲ ಕರಕೊಂಡು ಹೋಗಿ ಅಂತ’ — ಅವಳಿಗೆ ಹೀಗೆ ಹೇಳಿ ಬೆಳೆಸಿದ್ದಾರೆ. ಮಾತು ಹೋದದ್ದು ನಿಮ್ಮಿಂದಲ್ಲ, ನನ್ನಿಂದ; ಅದೂ ಬೇಕೆಂದೇ ಎಂದು ಗೊತ್ತಿರುವವನು ನಾನೊಬ್ಬನೇ.

ಈ ಕಾಗದವನ್ನು ನಿಮಗೆ ತಂದು ಕೊಡುವ ಮೊದಲು ಅವಳಿಗೆ ಹೇಳಬೇಕು. ನಾಳೆ ಬೆಳಗಿನ ಬಸ್ಸಿಗೆ ಹೋಗುತ್ತೇನೆ. ಅವಳು ಒಳಗೆ ಕರೆಯದಿದ್ದರೆ ಬೀದಿಯಲ್ಲೇ ನಿಂತು, ಅಕ್ಕಪಕ್ಕದವರಿಗೂ ಕೇಳುವಂತೆ ಹೇಳುತ್ತೇನೆ — ನಿನ್ನನ್ನು ಕಳಕೊಂಡವಳು ನಿನ್ನ ಅವ್ವ, ಕಳೆದವನು ನಾನು.