ಮಿರಜ ಬಸ್ಸಿನ ಹನ್ನೊಂದು ಮಂದಿ

ಮನುಷ್ಯ ಪಕ್ಷಪಾತಿ, ಅಂಕಿ ನಿಷ್ಪಕ್ಷಪಾತಿ. ಸರ್ಕಾರಗಳು ನಿಂತಿರುವುದೇ ಈ ನಂಬಿಕೆಯ ಮೇಲೆ. ಆ ಅಂಕಿಯನ್ನು ತುಂಬುವವನು ಊಟ ಮುಗಿಸಿ ಬಂದು, ಒಂದು ಕಣ್ಣನ್ನು ಗೋಡೆ ಗಡಿಯಾರದ ಮೇಲಿಟ್ಟು ತುಂಬುತ್ತಾನೆ ಎಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ತುಂಬುವವನು ನಾನೇ ಆಗಿದ್ದರಿಂದ ಇದನ್ನು ಅಧಿಕಾರಯುತವಾಗಿ ಹೇಳಬಲ್ಲೆ.

ಕೋವಿಡ್ ಮುಗಿದು ಶಾಲೆಗಳು ಹಳಿಗೆ ಬಂದಿದ್ದ ಕಾಲ. ಚಿಕ್ಕೋಡಿ ಭಾಗದ ಒಂದು ಶಿಕ್ಷಣ ಕಚೇರಿಯಲ್ಲಿ ನಾನು ಅಂಕಿಅಂಶ ವಿಭಾಗದ ಅಧೀಕ್ಷಕನಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮೇಲಿನಿಂದ ಒಂದು ಪತ್ರ ಬಂತು: ರಾಜ್ಯದ ವಿದ್ಯಾರ್ಥಿ ದತ್ತಾಂಶ ಬಳಸಿ ಮಕ್ಕಳ ‘ಕಾಲೇಜು ಸಿದ್ಧತೆ’ಯನ್ನೂ ಅದರ ಮೂಲಕ ‘ಶಿಕ್ಷಕರ ಗುಣಮಟ್ಟ’ವನ್ನೂ ಅಧ್ಯಯನ ಮಾಡಬೇಕು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಐದೂ ತಾಲೂಕು ನಮ್ಮ ಪಾಲಿಗೆ.

ಲೆಕ್ಕ ಸರಳವಾಗಿತ್ತು. ಪ್ರತಿ ಮಗುವಿಗೂ ದತ್ತಾಂಶದಲ್ಲಿ ಒಂದು ಸಂಖ್ಯೆ ಇರುತ್ತದೆ. ಹತ್ತನೆಯ ತರಗತಿ ಪಾಸಾದ ಮಗುವಿನ ಸಂಖ್ಯೆ ಪಿಯುಸಿಯಲ್ಲಿ ಮತ್ತೆ ಕಾಣಿಸಿಕೊಂಡು, ಮೊದಲ ವರ್ಷ ದಾಟಿದರೆ ಆ ಮಗು ‘ಸಿದ್ಧ’. ಸಂಖ್ಯೆ ಕಾಣದಿದ್ದರೆ ‘ಓದು ಮುಂದುವರಿಸಿಲ್ಲ’. ಎಷ್ಟು ಮಕ್ಕಳು ಸಿದ್ಧರೋ ಅಷ್ಟು ಒಳ್ಳೆಯವರು ಅವರ ಗಣಿತ ಶಿಕ್ಷಕರು. ಸೂತ್ರ ಬರೆದವನು ನಾನು. ಕಾಣದ ಸಂಖ್ಯೆಗೆ ಸೊನ್ನೆ ಹಾಕಿದವನೂ ನಾನು.

ಪಟ್ಟಿ ಬಹಳ ಚಂದ ಬಂತು. ಮೇಲೆ ಹಸಿರು, ಕೆಳಗೆ ಕೆಂಪು. ರಾಜ್ಯದ ಗಡಿಯಿಂದ ಒಳಕ್ಕೆ ಹೋದಂತೆಲ್ಲ ಶಿಕ್ಷಕರು ಉತ್ತಮರಾಗುತ್ತಾ ಹೋಗಿದ್ದರು. ನಿಪ್ಪಾಣಿ, ಕಾಗವಾಡದ ಅಂಚಿಗೆ ಬಂದಂತೆ ಕೆಡುತ್ತಾ ಬಂದಿದ್ದರು. ಗಡಿಯ ಗಾಳಿಗೆ ಗಣಿತ ಹಿಡಿಸುವುದಿಲ್ಲವೇ ಎಂದು ಆ ಗಳಿಗೆಯಲ್ಲಾದರೂ ನನಗೆ ಅನಿಸಬೇಕಿತ್ತು. ಅನಿಸಲಿಲ್ಲ. ನಾನು ಮುದ್ರಣ ಮಾಡಿ ಸಾಹೇಬರ ಮುಂದಿಟ್ಟೆ. ಅವರು ಸಹಿ ಮಾಡಿ ಬೆಂಗಳೂರಿಗೆ ಕಳಿಸಿದರು.

ಪಟ್ಟಿಯ ಕಟ್ಟಕಡೆಗೆ ಕಾಗವಾಡ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಯ ಕಾಂಬಳೆ ಟೀಚರ್ ಇದ್ದರು. ಪಾಸಾದ ಹತ್ತೊಂಬತ್ತು ಮಕ್ಕಳಲ್ಲಿ ಹನ್ನೊಂದು ಮಂದಿಯ ಪತ್ತೆ ಇರಲಿಲ್ಲ. ಜುಲೈ ಮೊದಲ ವಾರ ಅವರಿಗೆ ಆದೇಶ ಹೋಯಿತು: ಹತ್ತನೆಯ ತರಗತಿಯಿಂದ ತೆಗೆದು ಎಂಟನೆಯದಕ್ಕೆ, ಜೊತೆಗೆ ‘ಸಾಮರ್ಥ್ಯ ವರ್ಧನೆ’ ತರಬೇತಿ. ಆ ಶಾಲೆಯಲ್ಲಿ ಇನ್ನೊಬ್ಬ ಗಣಿತ ಶಿಕ್ಷಕರಿರಲಿಲ್ಲ. ಹತ್ತನೆಯ ತರಗತಿಯ ಗಣಿತವನ್ನು ದೈಹಿಕ ಶಿಕ್ಷಣ ಶಿಕ್ಷಕರಿಗೆ ವಹಿಸಲಾಗಿದೆ ಎಂದು ಮುಖ್ಯೋಪಾಧ್ಯಾಯರು ವಿನಯಪೂರ್ವಕವಾಗಿ ವರದಿ ಮಾಡಿದರು. ಆ ವರದಿಯನ್ನೂ ನಾನೇ ಫೈಲಿಗೆ ಹಾಕಿದೆ.

ಮರುವಾರ ಟೀಚರ್ ಸ್ವತಃ ಬಂದರು. ನಲವತ್ತರ ಆಸುಪಾಸು, ಕೈಯಲ್ಲಿ ಒಂದು ಉದ್ದನೆಯ ನೋಟ್‌ಬುಕ್ಕು. ಅಳಲಿಲ್ಲ, ಕೈಮುಗಿಯಲಿಲ್ಲ. ನನ್ನ ಮೇಜಿನ ಮೇಲೆ ನೋಟ್‌ಬುಕ್ ತೆರೆದು ಒಂದು ಹೆಸರಿನ ಮೇಲೆ ಬೆರಳಿಟ್ಟರು.

“ಈ ಹುಡುಗಿ ಸಾಲಿ ಬಿಟ್ಟಿಲ್ರಿ ಸರ. ದಿನಾ ಮುಂಜಾನೆ ಕಾಗವಾಡದಾಗ ಬಸ್ ಹತ್ತಿ ಗಡಿ ದಾಟಿ ಮಿರಜಕ್ಕ ಹೋಗತಾಳ. ಅಲ್ಲೇ ಸೈನ್ಸ್ ತಗೊಂಡು ಬಾರಾವಿ, ಅಂದ್ರ ನಮ್ಮ ಸೆಕೆಂಡ್ ಪಿಯುಸಿ, ಓದಾಕತ್ತಾಳ. ಹನ್ನೊಂದೂ ಮಂದಿ ಅಲ್ಲೇ ಅದಾರ್ರಿ.”

ನಮ್ಮ ದತ್ತಾಂಶದಲ್ಲಿ ಅವರು ಕಾಣುತ್ತಿಲ್ಲ ಎಂದು ನಾನು ಗಂಭೀರವಾಗಿ ತಿಳಿಸಿದೆ.

“ನಿಮ್ಮ ಕಂಪ್ಯೂಟರಿಗೆ ಮಿರಜ ಕಾಣಲಿಕ್ಕಿಲ್ರಿ. ನಿಮಗ ಕಾಣತೈತಲ್ರಿ? ಹೊರರಾಜ್ಯಕ್ಕ ಹೋಗೋ ಟಿ.ಸಿ. ಮ್ಯಾಲ ಶಿಕ್ಕಾ ಹೊಡದವರು ಯಾರ್ರಿ ಸರ?”

ಹೊಡೆದವನು ನಾನು. ಬೇರೆ ರಾಜ್ಯಕ್ಕೆ ಹೋಗುವ ಮಗುವಿನ ವರ್ಗಾವಣೆ ಪತ್ರಕ್ಕೆ ನಮ್ಮ ಕಚೇರಿಯ ಮೇಲುರುಜು ಬೇಕಾಗುತ್ತಿತ್ತು. ಪ್ರತಿ ಬೇಸಿಗೆಯಲ್ಲೂ ಗಡಿಯ ಊರುಗಳ ತಂದೆ ತಾಯಂದಿರು ಸಾಲುಗಟ್ಟಿ ನಿಲ್ಲುತ್ತಿದ್ದರು. ನಾನು ಮೊಹರು ಒತ್ತುತ್ತಿದ್ದೆ, ಸಾಹೇಬರು ಸಹಿ ಹಾಕುತ್ತಿದ್ದರು, ಹೆಸರನ್ನು ರಿಜಿಸ್ಟರಿಗೆ ಏರಿಸುತ್ತಿದ್ದೆವು. ಆ ರಿಜಿಸ್ಟರು ಇದ್ದದ್ದು ನನ್ನ ಕಂಪ್ಯೂಟರಿನಿಂದ ಮೂರು ಹೆಜ್ಜೆ ದೂರದ ಕಪಾಟಿನಲ್ಲಿ. ತೆಗೆದು ನೋಡಿದೆ. ಹನ್ನೊಂದೂ ಹೆಸರು ಇದ್ದವು, ನನ್ನದೇ ಅಕ್ಷರದಲ್ಲಿ. ಕಾಲೇಜಿಗೆ ಹೋಗಿರಿ ಎಂದು ನಾವೇ ಸಹಿ ಹಾಕಿ ಕಳಿಸಿದ ಮಕ್ಕಳನ್ನು, ಓದು ಬಿಟ್ಟರೆಂದು ನಾವೇ ಬರೆದು, ಅದಕ್ಕಾಗಿ ಅವರಿಗೆ ಕಲಿಸಿದವಳನ್ನು ಶಿಕ್ಷಿಸಿದ್ದೆವು.

ಆಗ ನನ್ನ ಪಕ್ಕದ ಮೇಜಿನಿಂದ ಮಗದುಮ್ ಮಾಸ್ತರರು ಕೆಮ್ಮಿದರು. ಇವರು ಹಾರೂಗೇರಿ ಕಡೆಯ ಒಂದು ಶಾಲೆಯ ಗಣಿತ ಶಿಕ್ಷಕರು. ನಿಯೋಜನೆಯ ಮೇಲೆ ನಮ್ಮ ಕಚೇರಿಯಲ್ಲಿ ಕಾಗದ ಟೈಪು ಮಾಡುತ್ತಿದ್ದರು. ಊರಲ್ಲಿ ಅವರ ತರಗತಿಯನ್ನು ತೆಗೆದುಕೊಳ್ಳುತ್ತಿದ್ದವಳು ಒಬ್ಬ ಅತಿಥಿ ಶಿಕ್ಷಕಿ. ದತ್ತಾಂಶದಲ್ಲಿ ಅವಳ ಹೆಸರಿಗೆ ಜಾಗವಿಲ್ಲದ್ದರಿಂದ ಮಕ್ಕಳೆಲ್ಲ ಮಾಸ್ತರರ ಖಾತೆಗೆ ಬಿದ್ದಿದ್ದರು. ನನ್ನ ಪಟ್ಟಿಯಲ್ಲಿ ಐದೂ ತಾಲೂಕಿಗೆ ಮೊದಲಿಗರು ಅವರೇ. ಪ್ರಶಸ್ತಿಪತ್ರವೂ ಬಂದಿತ್ತು.

“ನನ್ನ ಕಡೆ ನೋಡಬ್ಯಾಡ್ರಿ ಬಡಿಗೇರ ಸರ,” ಅಂದರು ಅವರು. “ನಾ ಬೋರ್ಡಿನ ಮುಂದ ಖಡು ಹಿಡೀಲಾರದ ನಾಕ ವರ್ಸ ಆತು. ಈಗ ಈ ಟೀಚರಿಗೆ ಟ್ರೇನಿಂಗ್ ಕೊಡಾಕ ನನ್ನ ಹೆಸರ ಹಾಕ್ಯಾರ. ಏನ್ ಕಲಸಲಿ? ಟೈಪಿಂಗ?”

ಟೀಚರ್ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಮೂವತ್ತು ವರ್ಷದ ಸೇವೆಯಲ್ಲಿ ನಾನು ಕಚೇರಿಯ ಮೇಲೆ ಸಿಟ್ಟಾದದ್ದು ಅದೇ ಮೊದಲು. ಅದರಲ್ಲಿ ಅರ್ಧ ಸಿಟ್ಟು ನನ್ನ ಮೇಲೆಯೇ ಇತ್ತು ಎಂಬುದನ್ನು ನಿವೃತ್ತನಾದ ಮೇಲೆ ಒಪ್ಪಿಕೊಳ್ಳಲು ಅಡ್ಡಿಯಿಲ್ಲ.

ರಿಜಿಸ್ಟರು ಎತ್ತಿಕೊಂಡು ಸಾಹೇಬರ ಕೋಣೆಗೆ ಹೋದೆ. ಅವರು ಕೆಟ್ಟವರಲ್ಲ, ವರ್ಗಾವಣೆಗೆ ಕಾದಿದ್ದವರು. ಎಲ್ಲ ಕೇಳಿ, ಕನ್ನಡಕ ಒರೆಸಿಕೊಂಡು, ವರದಿ ಬೆಂಗಳೂರು ತಲುಪಿಯಾಗಿದೆ, ಈಗ ತಿದ್ದಿದರೆ ಕಚೇರಿಯ ಮರ್ಯಾದೆಯ ಪ್ರಶ್ನೆ ಎಂದರು. ಮೇಲಾಗಿ ತಾಂತ್ರಿಕ ತೊಡಕು ಇತ್ತು.

“ಸಾಫ್ಟ್‌ವೇರಿನಾಗ ಹೊರರಾಜ್ಯ ಅನ್ನೂ ಕಾಲಂ ಇಲ್ಲ. ಇಲ್ಲದ್ದು ಹೆಂಗ ತೋರಸ್ತೀರಿ?”

“ಕಾಲಂ ಇಲ್ರಿ ಸಾಹೇಬ್ರ. ಮಿರಜ ಐತ್ರಿ. ದಿನಾ ಬಸ್ ಹೋಗತಾವು.”

ಸಾಹೇಬರು ಕಿಟಕಿಯ ಕಡೆ ನೋಡಿದರು. ಈಗ ಹತ್ತನೆಯ ತರಗತಿಯಲ್ಲಿ ಕೂತಿರುವ ಮಕ್ಕಳಿಗೆ ಬೀಜಗಣಿತದ ಬದಲು ಕವಾಯತು ನಡೆಯುತ್ತಿದೆ, ಮಾರ್ಚಿನಲ್ಲಿ ಅವರು ಬರೆಯುವುದು ಗಣಿತದ ಪರೀಕ್ಷೆಯನ್ನೇ ಎಂದು ನೆನಪಿಸಿದೆ. ಅವರು ಒಂದೇ ಪ್ರಶ್ನೆ ಕೇಳಿದರು.

“ತಪ್ಪು ಯಾರದಂತ ಬರೀತೀರಿ?”

“ನನ್ನದಂತ ಬರೀತೇನ್ರಿ.”

ತಪ್ಪಿಗೆ ಒಬ್ಬ ಮಾಲೀಕ ಸಿಕ್ಕ ಕೂಡಲೇ ಕಡತಕ್ಕೆ ಕಾಲು ಬಂತು. ರಿಜಿಸ್ಟರಿನ ನಕಲು ಲಗತ್ತಿಸಿ, ಸೂತ್ರ ರಚನೆಯಲ್ಲಿ ಅಧೀಕ್ಷಕರಿಂದ ಲೋಪವಾಗಿದೆ ಎಂದು ಬರೆದು ಅಧೀಕ್ಷಕನಾಗಿ ನಾನೇ ಸಹಿ ಮಾಡಿದೆ. ಸಾಹೇಬರು ಅದರ ಕೆಳಗೆ ಅತ್ಯಂತ ಸುಂದರವಾದ ಸಹಿ ಹಾಕಿದರು.

ಖಾಲಿ ಕಾಲಮ್ಮಿಗೆ ಇರುವುದು ಒಂದೇ ಅರ್ಥ: ನಮಗೆ ಗೊತ್ತಿಲ್ಲ. ನಾನು ಅದನ್ನು ‘ಇಲ್ಲ’ ಎಂದು ಓದಿದೆ, ಇಡೀ ವ್ಯವಸ್ಥೆ ಅದನ್ನು ‘ಶಿಕ್ಷಕಿ ಕೆಟ್ಟವಳು’ ಎಂದು ಓದಿತು, ಯಾರೊಬ್ಬರೂ ಬಸ್‌ಸ್ಟ್ಯಾಂಡಿಗೆ ಹೋಗಿ ನೋಡಲಿಲ್ಲ. ಕೆಲಸ ನನಗೆ ಕಲಿಸಿದ್ದು ಇಷ್ಟೇ. ಕಲಿಯಲು ಬಹಳ ತಡವಾಯಿತು.

ಕಾಂಬಳೆ ಟೀಚರ್ ಆಗಸ್ಟ್‌ನಲ್ಲಿ ಹತ್ತನೆಯ ತರಗತಿಗೆ ಮರಳಿದರು. ನನಗೆ ಕಾರಣ ಕೇಳುವ ನೋಟಿಸ್ ಬಂತು. ಮಗದುಮ್ ಮಾಸ್ತರರ ಪ್ರಶಸ್ತಿಪತ್ರವನ್ನು ಯಾರೂ ವಾಪಸು ಕೇಳಲಿಲ್ಲ. ಹೊರರಾಜ್ಯದ ಕಾಲಂ ನಾನು ನಿವೃತ್ತನಾಗುವವರೆಗೂ ಬರಲಿಲ್ಲ. ಅಲ್ಲಿಯವರೆಗೂ ಆ ಹನ್ನೊಂದು ಮಕ್ಕಳು ರಾಜ್ಯದ ದತ್ತಾಂಶದಲ್ಲಿ ಓದು ಬಿಟ್ಟವರಾಗಿಯೇ ಇದ್ದರು.