ಮೂರನೆಯ ಇಂಜೆಕ್ಟರ್

ಮೊನ್ನೆ ತರೀಕೆರೆಯ ಗ್ಯಾರೇಜಿನಲ್ಲಿ ನನ್ನ ಮುದಿ ಕಾರಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಕೈಗಿತ್ತರು. ತುದಿ ವಿಭೂತಿಯಷ್ಟು ಬೆಳ್ಳಗಿತ್ತು. ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾದರೆ ಪ್ಲಗ್ ಹೀಗೆ ಬಿಳಿಚಿಕೊಳ್ಳುತ್ತದೆಂದು ನನಗೆ ಕಲಿಸಿದವರು ಕಡೂರಿನ ನಮ್ಮ ಮೆಕ್ಯಾನಿಕ್. "ಇಂಜಿನ್ ಏಕಾದಶಿ ಮಾಡ್ತೈತೆ ಸ್ವಾಮಿ" ಎನ್ನುತ್ತಿದ್ದರು…

ಅಜ್ಜಂಪುರ, ಸಖರಾಯಪಟ್ಟಣದಿಂದಲೂ ಗಾಡಿಗಳು ಅವರ ಶೆಡ್ಡಿಗೆ ಬರುತ್ತಿದ್ದುದು ಅವರ ಕಿವಿಯನ್ನು ನಂಬಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜೆಕ್ಟರ್ ಮೇಲಿಟ್ಟು, ಮರದ ಹಿಡಿಯನ್ನು ಕಿವಿಗೊತ್ತಿ ಕಣ್ಣು ಮುಚ್ಚುವರು. ಪೆಟ್ರೋಲು ಚಿಮುಕಿಸುವ ಇಂಜೆಕ್ಟರ್ ಟಿಕ್ ಟಿಕ್ ಎನ್ನಬೇಕು; ಎನ್ನದಿದ್ದರೆ ಅದು ಸತ್ತಂತೆ. ಆ ಹೊತ್ತಿನಲ್ಲಿ ಕೆಮ್ಮುವುದೂ ಅಪರಾಧ. ತೀರ್ಪು ಬಂದ ಮೇಲೆ ಮೇಲ್ಮನವಿ ಇರಲಿಲ್ಲ.

ಒಂದು ಬೆಳಿಗ್ಗೆ ಕಾರು ಹೆಜ್ಜೆಹೆಜ್ಜೆಗೂ ಜಗ್ಗತೊಡಗಿತೆಂದು ಒಯ್ದೆ. ಪ್ಲಗ್ ಬೆಳ್ಳಗಿತ್ತು. ಇಂಜಿನ್ ಚಾಲೂ ಮಾಡಿಸಿ ಒಂದೊಂದೇ ಇಂಜೆಕ್ಟರಿಗೆ ಕಿವಿಗೊಟ್ಟರು. ಹಿಡಿ ಒರೆಸಿಕೊಂಡು ಇನ್ನೊಂದು ಕಿವಿಗೂ ಇಟ್ಟು ನೋಡಿದರು.

"ನಾಲ್ಕೂ ಸತ್ತೋಗವೆ ಕಣ್ರೀ."

ಇಂಜಿನ್ ನಮ್ಮೆದುರೇ ಗುರುಗುಟ್ಟುತ್ತಿತ್ತು. ನಾಲ್ಕೂ ಸತ್ತಿದ್ದರೆ ಅದು ಯಾರ ಪುಣ್ಯದಿಂದ ಓಡುತ್ತಿತ್ತು? ನಗು ಬಂತು. ಅವರ ಮುಖ ನೋಡಿ ನಿಂತುಹೋಯಿತು. ಅದುರುವ ಇಂಜಿನ್ನಿನ ಮೇಲೆ ಅಂಗೈ ಇಟ್ಟುಕೊಂಡು ಅವರೂ ಅದನ್ನೇ ಯೋಚಿಸುತ್ತಿದ್ದರು…

ಸ್ಕ್ರೂಡ್ರೈವರ್ ನನ್ನತ್ತ ಚಾಚಿದರು. "ನೀವೊಂದ್ಸಲ ಕೇಳ್ರೀ ಸ್ವಾಮಿ."

ಕೇಳಿದೆ. ನಾಲ್ಕೂ ಗಡಿಯಾರದಂತೆ ಟಿಕ್ ಟಿಕ್ ಎನ್ನುತ್ತಿದ್ದವು. ಪಕ್ಕದಲ್ಲೆಲ್ಲೋ ಸಣ್ಣಗೆ ಬುಸ್ಸೆನ್ನುವ ಸದ್ದೂ ಇತ್ತು. ಅವರು ನನ್ನ ಬಾಯನ್ನೇ ನೋಡುತ್ತಿದ್ದರು. ಹಿರಿಯರಿಗೆ ಮುಖಕ್ಕೆ ಹೊಡೆದಂತೆ ನಿಜ ಹೇಳುವ ಪದ್ಧತಿ ನಮ್ಮ ಕಡೆ ಇಲ್ಲ.

"ಮೂರನೇದು ಸ್ವಲ್ಪ ಮೆಲ್ಲಗಿದೆ" ಎಂದೆ.

"ಅದೇ ಅನ್ಕಂಡೆ ಕಣ್ರೀ!" ಮುಖ ಅರಳಿತು. ನಿರಪರಾಧಿಯಾದ ಮೂರನೆಯ ಇಂಜೆಕ್ಟರನ್ನು ಸಕಲ ಮರ್ಯಾದೆಗಳೊಂದಿಗೆ ಕಿತ್ತು ಹೊಸದು ಕೂರಿಸಿದರು. ಕಾರು ಮೊದಲಿನಂತೆಯೇ ಜಗ್ಗುತ್ತಿದ್ದರೂ "ಸರಿಹೋಯ್ತು" ಎಂದು ಕೈಬೀಸಿ ಹೊರಟೆ. ಅದು ಎರಡನೆಯ ಸುಳ್ಳು.

ಕದ್ದು ತರೀಕೆರೆಗೆ ಹೋದೆ. ಇಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಪೈಪಿನಲ್ಲಿ ಬಿರುಕಿತ್ತು. ಅಲ್ಲಿಂದಲೇ ಹೆಚ್ಚಿನ ಗಾಳಿ ನುಗ್ಗುತ್ತಿತ್ತು. ಪೈಪು ಬದಲಾಯಿಸಿದರು.

ಎರಡು ತಿಂಗಳ ಮೇಲೆ ಆಯಿಲ್ ಬದಲಿಸಲು ಕಡೂರಿನ ಶೆಡ್ಡಿಗೇ ಹೋದೆ. ಬಾನೆಟ್ ಎತ್ತಿದವರು ಹೊಸ ಪೈಪನ್ನು ಬಹಳ ಹೊತ್ತು ನೋಡಿದರು.

"ಅವತ್ತು ಇದು ಬುಸ್ ಅಂತಿತ್ತಾ?"

"ಹೂಂ."

"ನಂದು ಕಿವಿ ಹೋಗಿತ್ತು. ನಿಮ್ ಬಾಯಿಗೇನಾಗಿತ್ತು ಸ್ವಾಮಿ?"

ಅವತ್ತಿನಿಂದ ಅವರು ಯಾರ ಗಾಡಿಯ ಬಾನೆಟ್ಟನ್ನೂ ಎತ್ತಲಿಲ್ಲ. ಬರೀ ಪಂಕ್ಚರ್ ಹಾಕುತ್ತ ಕೂತರು. ಟ್ಯೂಬನ್ನು ನೀರಿಗದ್ದಿದರೆ ಗುಳ್ಳೆ ಕಾಣುತ್ತದಲ್ಲ, ಅದಕ್ಕೆ ಕಿವಿ ಬೇಡ. ಕೊನೆಗೆ ಪಂಚನಹಳ್ಳಿಯ ಮಗಳ ಮನೆಗೆ ಹೋದರು. ಅಲ್ಲೇ ತೀರಿಕೊಂಡರೆಂದು ನನಗೆ ಗೊತ್ತಾಗುವಷ್ಟರಲ್ಲಿ ತಿಥಿಯೂ ಕಳೆದಿತ್ತು…

ಮೊನ್ನೆ ತರೀಕೆರೆಯ ಹುಡುಗರು ಕಾರಿಗೆ ಯಂತ್ರವೊಂದನ್ನು ಸಿಕ್ಕಿಸಿದರು. ಇಂಜೆಕ್ಟರುಗಳು ಸರಿಯಾಗಿವೆ, ಗಾಳಿ ಎಲ್ಲಿ ಸೋರುತ್ತಿದೆ ಹುಡುಕಿ ಎಂದು ಅದು ಯಾರ ಮುಖವನ್ನೂ ನೋಡದೆ ಹೇಳಿಬಿಟ್ಟಿತು. ಅವತ್ತು ನಾನೂ ಅಷ್ಟೇ ಹೇಳಬೇಕಿತ್ತು. ಅವರ ಅಂಗೈ ಚೆನ್ನಾಗಿಯೇ ಇತ್ತು. ಪೈಪಿನ ಮೇಲೆ ಒಮ್ಮೆ ಕೈಯಾಡಿಸಿ ಬಿರುಕನ್ನು ಹಿಡಿದುಬಿಡುತ್ತಿದ್ದರು.