ಎಲ್ಮರ್ ಒಪ್ಪುವ ತೂತು
ಸ್ವಂತ ಕೈಯಿಂದ ವಿಮಾನ ಕಟ್ಟುವವರ ಆ ವಿಸ್ಕಾನ್ಸಿನ್ ಶೆಡ್ಡಿನಲ್ಲಿ ಡೆರಿಕ್‌ಗೆ ಕೊನೆಯ ಸ್ಥಾನ. ವಾರವಿಡೀ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತು, ನಾಲ್ಕು ವರ್ಷದಲ್ಲಿ ಅವನು ಮುಗಿಸಿದ್ದು ಬಾಲ ಮಾತ್ರ. ಪಕ್ಕದ ಎಲ್ಮರ್ ಟಾಫ್ಟೆ ಗುರುವೆಂದು ಹೆಸರಾಗಿದ್ದರೂ ಹದಿಮೂರು ವರ್ಷದಿಂದ ಕಟ್ಟುತ್ತಿರುವ ಅವನ ವಿಮಾನವೂ ನೆಲ ಬಿಟ್ಟಿಲ್ಲ. ಕಾಫಿ ಆರಿದರೆ ಎಲ್ಮರ್‌ಗೆ ನಡೆಯುತ್ತದೆ, ತಗಡು ಜೋಡಿಸುವ ರಿವೆಟ್ ಮೊಳೆಯ ತೂತು ಕೂದಲೆಳೆಯಷ್ಟು ಸೊಟ್ಟಗಾದರೆ ಊಟ ಸೇರುವುದಿಲ್ಲ. ಡೆರಿಕ್‌ನ ಡ್ರಿಲ್ ಜಾರಿ ತೂತು ಇಂಗ್ಲಿಷಿನ ಎಂಟರ ಅಂಕಿಯಂತಾದಾಗಲೆಲ್ಲ ಎಲ್ಮರ್ ವಾಸನೆ ಹಿಡಿದವನಂತೆ ಬಂದು ಬಗ್ಗುತ್ತಾನೆ. "ಏನಪ್ಪಾ, ಹಿಮದ ಗೊಂಬೆ ಮಾಡಿದ್ಯಾ?" "ದೊಡ್ಡ ರಿವೆಟ್ ತುರುಕಿದ್ರೆ ಮುಚ್ಚಿಹೋಗುತ್ತೆ, ಎಲ್ಮರ್." "ಕಣ್ಣಿಗೆ ಮುಚ್ಚುತ್ತೆ, ರೆಕ್ಕೆಗೆ ಗೊತ್ತಾಗುತ್ತೆ. ಡ್ರಿಲ್ಲು ಸೋಮಾರಿ ಕಣೋ, ತೆರೆದ ಕಡೆಗೇ ಓಡುತ್ತೆ. ಮೊದಲು ಅದು ಜಾರಿದ ಕಡೆಗೆ ಎದುರಿನ ಅಂಚನ್ನ ಅರದಲ್ಲಿ ಉಜ್ಜಿ ದುಂಡಗೆ ಮಾಡು, ಆಮೇಲೆ ಒಂದಳತೆ ದೊಡ್ಡದು ಕೊರೆ." ಅಷ್ಟು ಹೇಳಿ ತೂತಿಗೆ ಭೂತಗನ್ನಡಿ ಇಟ್ಟು, ಊದಿ, ಬೆರಳಾಡಿಸಿ, ಮಗುವಿನ ಹಲ್ಲು ನೋಡಿದಂತೆ ನೋಡುತ್ತಾನೆ. ಕಳೆದ ಶನಿವಾರ ತನ್ನದೇ ರೆಕ್ಕೆಯಲ್ಲಿ ಅಂಚಿಗೆ ತೀರಾ ಹತ್ತಿರವಾದ ಒಂದೇ ತೂತಿಗಾಗಿ ಇಡೀ ತಗಡನ್ನು ಕಿತ್ತೆಸೆದ. ಡೆರಿಕ್‌ಗೆ ತಡೆಯಲಾಗಲಿಲ್ಲ. "ಹಿಂಗಾದ್ರೆ ನೀನು ಹಾರೋದು ಯಾವ ಜನ್ಮದಲ್ಲಿ, ಮುದುಕಪ್ಪಾ?" ಎಲ್ಮರ್ ಅರವನ್ನು ಅಂಗಿಗೆ ಒರೆಸಿಕೊಂಡ. "ನಾನು ಹಾರೋದಾಗಿದ್ರೆ ಅದನ್ನ ಹಂಗೇ ಬಿಟ್ಬಿಡ್ತಿದ್ದೆ. ಹೃದಯದ ಡಾಕ್ಟ್ರು ನಂಗೆ ಹಾರೋದು ಬೇಡ ಅಂದು ಮೂರು ವರ್ಷ ಆಯ್ತು. ಹಾರಿಸೋಳು ನನ್ನ ಮಗಳು." ಡೆರಿಕ್ ಹೋದ ವಾರ ಬಾಲದಲ್ಲಿ ಯಾರಿಗೂ ಕಾಣದಂತೆ ತುರುಕಿದ್ದ ದಪ್ಪ ರಿವೆಟ್ಟನ್ನು ತೆಗೆಯಲು ಹೊರಟ. "ಎಡಗಡೆ, ಕೆಳಗಿಂದ ಮೂರನೇದು," ಎಂದು ಎಲ್ಮರ್ ಹಿಂದಿನಿಂದ ಕೂಗಿದ, "ಅರ ಮರ್ತ್ಯಲ್ಲೋ!"